ಕೆರೆ ಏರಿಯ ಮೇಲೆ ಕಳೆದ ಪೆಟ್ಟು

ನಮ್ಮಣ್ಣ ಸೋಮಪ್ಪ ಮುಂಬಯಿಯಲ್ಲಿ ಬಹಳ ದೊಡ್ಡ ಡ್ರಮ್ಮರ್ ಆಗಿದ್ದನಂತೆ. ಜಾಝ್ ಎಂಬ ಬಾಜಾದಲ್ಲಿ ಎಣಿಕೆ ಬಿಟ್ಟು ಬಾರಿಸುವುದನ್ನು ಈ ಕಡೆ ಮೊದಲು ಸುರು ಮಾಡಿದವನೇ ಅವನಂತೆ. ದಾಂಡೇಲಿಯಲ್ಲಿ ತುತ್ತೂರಿ ಊದುವ ಗೋವೆಯವನೊಬ್ಬ ನನ್ನ ಕೊರಳಪಟ್ಟಿ ಹಿಡಿಯುವುದೊಂದು ಬಾಕಿ, ಹಾಗೆ ಮೈಮೇಲೆ ಬಂದು ಇದನ್ನು ಹೇಳಿದ. ಇರಲಿ. ಆದರೆ ಎಣಿಕೆ ಬಿಟ್ಟ ಮೇಲೆ ಉಳಿಯುವುದೇನು ಎಂದು ಕೇಳಿದರೆ ಅವನೂ ತುತ್ತೂರಿ ಒರೆಸತೊಡಗಿದ. ಅಣ್ಣನನ್ನು ಕೇಳಿದರೆ ನಗುತ್ತಾನೆ. ಹೊಗಳುವವರಿಗೆ ಗೊತ್ತಿಲ್ಲ, ಬೈಯುವವರಿಗೆ ಗೊತ್ತಿಲ್ಲ, ನನಗಂತೂ ಮೊದಲೇ ಗೊತ್ತಿಲ್ಲ. ಹೋದ ವರ್ಷ, ಅರವತ್ತೆಂಟರಲ್ಲಿ, ಮುಂಡಗೋಡದ ಹತ್ತಿರದ ನಮ್ಮ ಹಳ್ಳಿ ಇಂದೂರಿನಲ್ಲಿ ಆದದ್ದನ್ನು ಹೇಳುತ್ತೇನೆ. ತಿಳಿದವರು ತಿಳಿಸಲಿ.

ನಮ್ಮದು ಕರಡಿ ಮಜಲಿನ ಮನೆ. ಕರಡಿ ಅಂದರೆ ಕಾಡಿನದಲ್ಲ, ಸೊಂಟಕ್ಕೆ ಕಟ್ಟಿಕೊಂಡು ಒಂದು ಬದಿ ಕೈಯಿಂದ, ಇನ್ನೊಂದು ಬದಿ ಕೋಲಿನಿಂದ ಬಾರಿಸುವ ದೊಡ್ಡ ವಾದ್ಯ. ಗುಟುರು ಹಾಕಿದಂತೆ ದನಿ ಬರುತ್ತದೆ. ಅಪ್ಪ ಮುದಕಪ್ಪ ಅದನ್ನು ಬಾರಿಸುವವನು, ನಾನು ಉಳವ, ಅವನ ಪಕ್ಕದಲ್ಲಿ ಕಂಚಿನ ತಾಳ ಹಿಡಿಯುವವನು. ಊರಿನ ಹಿರಿಯರು ಯಾರಾದರೂ ತೀರಿಕೊಂಡರೆ ಅವರನ್ನು ಶೃಂಗಾರ ಮಾಡಿದ ಬಿದಿರಿನ ವಿಮಾನದಲ್ಲಿ ಕೂಡಿಸಿ, ನಾಲ್ವರು ಹೊತ್ತು, ಮಣ್ಣಿಗೆ ಒಯ್ಯುತ್ತಾರೆ. ಕರಡಿ ಮುಂದೆ, ವಿಮಾನ ಹಿಂದೆ. ಹೊತ್ತವರು ಬಾಯಿ ಬಿಡುವಂತಿಲ್ಲ, ಅದು ನಮ್ಮೂರಿನ ಕಟ್ಟು. ಅವರ ಕಾಲು ಕರಡಿಯ ಪೆಟ್ಟಿಗೆ ಬೀಳಬೇಕು. ಹೆಗಲು ನೊಂದದ್ದನ್ನು ಅಪ್ಪ ಹಿಂದೆ ಹೊರಳಿ ಅವರ ಮುಖ ನೋಡಿ ತಿಳಿದು ಮುಕ್ತಾಯ ಬಾರಿಸುತ್ತಾನೆ. ಆ ಒತ್ತಿದ ಪೆಟ್ಟುಗಳು ಬಿದ್ದರೆ ನಾಲ್ವರೂ ನಿಂತು ಹೆಗಲು ಬದಲಿಸಬೇಕು. ಮತ್ತೆ ಮೊದಲ ಪೆಟ್ಟು ಬಿದ್ದರೆ ನಡೆಯಬೇಕು. ಹಾಗಾಗಿ ಹೆಣ ಹೊರುವವರು ನಾಲ್ವರಾದರೂ ನಡೆಸುವವನು ಒಬ್ಬನೇ.

ಹಿರಿಯರೊಬ್ಬರನ್ನು ಮನೆಯ ಬಾಗಿಲಿನಿಂದ ಹೂಳುವ ಕುಣಿಯವರೆಗೆ ಎಲ್ಲೂ ತಪ್ಪದೆ ಮುಟ್ಟಿಸಿದ ಮಗನಿಗೆ ಕರಡಿ ಸೇರುತ್ತದೆ. ಅಪ್ಪನಿಗೂ ಹಾಗೆಯೇ ಸೇರಿದ್ದು. ನ್ಯಾಯವಾಗಿ ಅದು ಅಣ್ಣನ ಪಾಲಿನದು. ಆದರೆ ಅವನು ಮೀಸೆ ಮೂಡುವ ಮೊದಲೇ ಹುಬ್ಬಳ್ಳಿಗೆ ಓಡಿ, ರೈಲು ಹತ್ತಿ ಮುಂಬಯಿ ಸೇರಿದ. ಅವನು ಬಿಟ್ಟ ತಾಳ ಹಿಡಿಯಲು ಐದನೇ ಇಯತ್ತೆಯಿಂದ ನನ್ನನ್ನು ಬಿಡಿಸಿದರು. ನನಗೆ ಓದು ಬರುತ್ತಿತ್ತು. ಲೆಕ್ಕದಲ್ಲಿ ನನ್ನನ್ನು ಮೀರಿದವನು ಆ ಶಾಲೆಯಲ್ಲಿ ಇರಲಿಲ್ಲ. ಆ ಲೆಕ್ಕವನ್ನೆಲ್ಲ ಹೆಣದ ಮುಂದೆ ಹಾಕಿದೆ, ಅಷ್ಟೇ.

ಹೋದ ದೀಪಾವಳಿ ಆದಮೇಲೆ ಅಪ್ಪ ಚಕ್ಕಡಿಯಿಂದ ಬಿದ್ದ. ಬಲಗೈ ಭುಜದ ಮೇಲೆ ಏಳದಾಯಿತು. ಇನ್ನು ಕರಡಿ ನನ್ನದೇ ಎಂದುಕೊಂಡೆ. ಹಾಗೆ ಅಂದುಕೊಂಡ ಮರುವಾರವೇ ದಾಂಡೇಲಿಯಲ್ಲಿ ಬಿದಿರು ಇಳಿಸಿ ಖಾಲಿ ಬರುತ್ತಿದ್ದ ಲಾರಿಯೊಂದು ನಮ್ಮ ಮನೆ ಮುಂದೆ ನಿಂತಿತು. ಮೇಲಿಂದ ಸೋಮಪ್ಪ ಇಳಿದ. ಅವನ ಹಿಂದೆ ದುಂಡನೆಯ ಡಬ್ಬಗಳು, ಕಾಲಿರುವ ಹಿತ್ತಾಳೆ ತಟ್ಟೆಗಳು, ಒಂದು ಸ್ಟೂಲು ಇಳಿದವು.

ಅವನು ಮುಂಬಯಿ ಬಿಟ್ಟು ದಾಂಡೇಲಿಗೆ ಬಂದು ವರ್ಷದ ಮೇಲಾಗಿತ್ತು. ಅಲ್ಲಿಯ ಕಾಗದದ ಗಿರಣಿಯವರ ಬಂಗೂರನಗರದ ಕ್ಲಬ್ಬಿನಲ್ಲಿ ಸಾಹೇಬರು ಹೆಂಡಂದಿರ ಸೊಂಟ ಹಿಡಿದು ಕುಣಿಯುವಾಗ ಬಾರಿಸುತ್ತಿದ್ದ. ಒಮ್ಮೆ ಹೋಗಿ ಕಿಟಕಿಯಾಚೆ ನಿಂತು ನೋಡಿದ್ದೆ. ಮೊದಲು ಸರಿಯಾಗಿಯೇ ಇತ್ತು, ನಾನೂ ಹೊರಗೆ ಕಾಲು ಕುಟ್ಟುತ್ತಿದ್ದೆ. ಆಮೇಲೆ ಅವನು ಕಣ್ಣು ಮುಚ್ಚಿದ. ಪೆಟ್ಟುಗಳು ಒಂದರ ಮೇಲೊಂದು ಬಿದ್ದವು, ಚೆದುರಿದವು, ಎಲ್ಲೋ ಹೋದವು. ಒಬ್ಬ ದಪ್ಪ ಸಾಹೇಬರು ತಮ್ಮ ಹೆಂಡತಿಯ ಕಾಲು ತುಳಿದರು. ಆಕೆ ಅವರನ್ನು ಅಲ್ಲೇ ಬಿಟ್ಟು ಹೋಗಿ ಕುರ್ಚಿಯಲ್ಲಿ ಕೂತರು. ಮತ್ತೊಂದು ಜೋಡಿ ಕೈಕೈ ಹಿಡಿದುಕೊಂಡು, ಬಸ್ಸು ತಪ್ಪಿದವರ ಹಾಗೆ, ಕುಣಿಯುವ ಜಾಗದ ನಡುವೆ ನಿಂತೇ ಬಿಟ್ಟಿತು. ಆ ತಿಂಗಳ ಕೊನೆಗೆ ಕ್ಲಬ್ಬಿನವರು ಅವನಿಗೆ ಬೇರೆ ಕಡೆ ನೋಡಿಕೋ ಅಂದರು.

ಅಂಗಳದಲ್ಲಿ ಅವನು ತನ್ನ ಸಾಮಾನು ಜೋಡಿಸುವುದನ್ನು ನೋಡಲು ಅರ್ಧ ಓಣಿ ನೆರೆಯಿತು. ಎಲ್ಲಕ್ಕಿಂತ ದೊಡ್ಡ ಡಬ್ಬವನ್ನು ನೆಲಕ್ಕೆ ಅಡ್ಡ ಇಟ್ಟು, ಅದರ ಮುಂದೆ ಒಂದು ಮೆಟ್ಟು ಕೂಡಿಸಿ, ಕಾಲಿಟ್ಟು ಒತ್ತಿದ. ದಮ್ ಎಂದಿತು. ಅವ್ವ ಶಂಕ್ರೆವ್ವ ಕೈಯಲ್ಲಿದ್ದ ಮೊರ ಬಿಟ್ಟಳು.

"ಕಾಲೀಲೆ ಬಾರಸ್ತಿಯೇನೋ ಭಾಡ್ಯಾ! ಅಮಾವಾಸಿಗೊಮ್ಮಿ ಅದಕ್ಕ ಕಾಯಿ ಒಡದು ಕೈ ಮುಗದ ಮನಿತನ ಇದು!"

"ಯವ್ವಾ, ಇದು ಕರಡಿ ಅಲ್ಲಬೇ. ಇದಕ್ಕ ಕಾಲೇ ಹಚ್ಚಬೇಕು."

"ಹಂಗಾರ ಅದನ್ನ ಹಿತ್ತಲಾಗ ಇಡು. ದನಾ ಕಟ್ಟೂ ಕಡೆ."

ಇಟ್ಟ. ನಮ್ಮ ಎಮ್ಮೆಯ ಪಕ್ಕದಲ್ಲಿ, ಸ್ಟೂಲಿನ ಮೇಲೆ ಕೂತು ಬಾರಿಸಿದ. ಅಪ್ಪ ಮೇವು ಹಾಕುವ ಗೋದಲಿಯ ಕಟ್ಟೆ ಮೇಲೆ ಕೂತು ಕೇಳಿದ. ನಾನು ಬಾಗಿಲಲ್ಲಿ ನಿಂತು ಎಣಿಸಿದೆ. ನಾಲ್ಕಕ್ಕೆ ಎಣಿಸಿದೆ, ಕೂಡಲಿಲ್ಲ. ಏಳಕ್ಕೆ ಎಣಿಸಿದೆ, ಕೂಡಲಿಲ್ಲ. ಒಮ್ಮೆ ಹಿಡಿದೇ ಬಿಟ್ಟೆ ಅಂದುಕೊಂಡೆ, ಅಷ್ಟರಲ್ಲಿ ಅವನು ಹಿತ್ತಾಳೆ ತಟ್ಟೆಯನ್ನು ಸವರಿ ಸುಮ್ಮನೆ ಕೂತ. ಮುಗಿಯಿತೇ, ನಡುವೆ ಇದ್ದಾನೆಯೇ? ಎಮ್ಮೆ ಮೆಲುಕು ಹಾಕುವುದನ್ನು ನಿಲ್ಲಿಸಿ ಅವನನ್ನೇ ನೋಡುತ್ತಿತ್ತು. ಆ ಹಿತ್ತಲಲ್ಲಿ ನಾನು, ಎಮ್ಮೆ ಇಬ್ಬರೂ ಒಂದೇ ಹದಕ್ಕೆ ಬಂದಿದ್ದೆವು.

ಅಪ್ಪ ಕೇಳಿದ: "ಪೆಟ್ಟು ಎಲ್ಲಿ ಕಳಕೊಂಡಿ?"

"ಕಳಕೊಂಡಿಲ್ಲಪ್ಪಾ. ಬಿಟ್ಟೇನಿ."

"ಯಾಕ ಬಿಟ್ಟಿ?"

ಸೋಮಪ್ಪ ತಲೆ ಕೆರೆದುಕೊಂಡ. "ಹೊಟೇಲಿನ್ಯಾಗ ಆರೇಳ ವರ್ಷ ಮಂದಿ ಕುಣಿಸಿದೆ. ಒಂದಿನಾ ನೋಡತೇನಿ, ನನ್ನ ಕೈ ಎಲ್ಲಿ ಬೀಳತೈತಿ ಅಂತ ನನಗಿಂತಾ ಮೊದಲ ಅವರಿಗೆ ಗೊತ್ತೈತಿ. ಹಂಗಾರ ನಾ ಯಾಕ ಬೇಕು ಅನಿಸ್ತು."

"ಆಮ್ಯಾಲ?"

"ಆಮ್ಯಾಲ ಮೂರ ಬ್ಯಾಂಡಿನವರು ತಗದ ಹಾಕಿದರು. ನಾಕ ಮಂದಿ ನನ್ನಂಥಾವರು ಕೂಡಿ ಒಂದ ಸಾಲಿಯ ದೊಡ್ಡ ಖೋಲ್ಯಾಗ ಬಾರಿಸಿದಿವಿ. ಕೇಳಾಕ ಹನ್ನೆರಡ ಮಂದಿ ಬಂದಿದ್ದರು. ಎಲ್ಲಾರೂ ಎದ್ದ ಹೋದರು, ಇಬ್ಬರ ಉಳದರು."

"ಆ ಇಬ್ಬರಿಗಾದರೂ ತಿಳೀತಾ?" ನಾನು ಕೇಳಿದೆ.

"ಒಬ್ಬಾಂವ ಕಿವುಡ ಇದ್ದ. ಇನ್ನೊಬ್ಬಾಂವ ಅತ್ತ. ಯಾಕ ಅತ್ತ ಅಂತ ಕೇಳಲಿಲ್ಲ ನಾ."

"ಗ್ರಾಮಫೋನ ಪ್ಲೇಟ್ ಮಾಡಿದರಂತಲ್ಲ?"

"ಮಾಡಿದರು. ಕಂಪನಿಯಾಂವ ಕೇಳಿ, ಮಶೀನ ಕೆಟ್ಟೈತಿ ಅಂತ ರಿಪೇರಿಯವನ್ನ ಕರಸಿದ."

ಹೇಳಿ ಅವನೇ ಬಿದ್ದು ಬಿದ್ದು ನಕ್ಕ. ನನಗೆ ಮೈಯೆಲ್ಲ ಉರಿಯಿತು. ಇಷ್ಟಕ್ಕಾಗಿ ಓಡಿಹೋದನೇ ಇವನು? ಇದಕ್ಕಾಗಿ ನನ್ನ ಪಾಟಿ ಪುಸ್ತಕ ಮಾಡಕ್ಕೆ ಸೇರಿದವೇ? ಅಪ್ಪನಾದರೂ ಕಪಾಳಕ್ಕೆ ಕೊಡುತ್ತಾನೆ ಎಂದು ನೋಡಿದರೆ, ಎಡಗೈಯಿಂದ ಮೊಣಕಾಲು ಸವರುತ್ತ, "ಇನ್ನೊಮ್ಮಿ ಬಾರ್ಸು" ಅಂದ.

ಮರುದಿನದಿಂದ ಅದೇ ರೂಢಿಯಾಯಿತು. ನಾನು ಹೊಲಕ್ಕೆ ಹೋಗಬೇಕು, ಬಂದು ನೋಡಿದರೆ ಅಪ್ಪ ಗೋದಲಿಯ ಕಟ್ಟೆ ಮೇಲೆ. ಒಮ್ಮೊಮ್ಮೆ ಸೋಮಪ್ಪ ಸೈಕಲ್ ತೆಗೆದುಕೊಂಡು ಮುಂಡಗೋಡದ ಟಿಬೆಟನ್ ಕಾಲೊನಿಗೆ ಹೋಗುತ್ತಿದ್ದ. ಅಲ್ಲಿ ಮುದುಕರು ಪೂಜೆಗೆ ಬಾರಿಸುವ ನಗಾರಿಯ ಮುಂದೆ ಕೂತು ಬರುತ್ತಿದ್ದ. "ಅವರದೂ ಮೆಲ್ಲಕ ಸುರು ಆಗಿ, ಬರಬರತಾ ಒಂದರಾಗೊಂದು ಬಿದ್ದು, ಎಣಿಕೀನ ಇಲ್ಲಧಂಗ ಆಗತೈತಪ್ಪಾ" ಎಂದು ಬಂದು ಹೇಳುತ್ತಿದ್ದ. ಅಪ್ಪ ಗೋಣು ಹಾಕುತ್ತಿದ್ದ. ಪಡಸಾಲೆಯ ಗೂಟದಲ್ಲಿ ಕರಡಿ ತೂಗುತ್ತಿತ್ತು. ಅದು ಯಾರಿಗೆ ಎಂದು ಅಪ್ಪ ಬಾಯಿ ಬಿಡಲಿಲ್ಲ. ನಾನು ದಿನಾ ಅದರ ಹುರಿ ಬಿಗಿದೆ. ನಾನೇ ಬಿಗಿದೆ.

ಹೀಗಿರುವಾಗ ಗೌಡರ ತಾಯಿ ಕಾಶೆವ್ವ ತೀರಿಕೊಂಡಳು. ಊರಿಗೇ ಹಿರಿಯಳು. ಅವಳ ಮಗ ಶಿವಲಿಂಗಪ್ಪ ಗೌಡರ ಆಳು ಬಂದು ಬಾಜಾ ಬೇಕೆಂದಾಗ ನಾನು ಗೂಟದ ಹತ್ತಿರವೇ ನಿಂತಿದ್ದೆ. ಕೈ ಚಾಚಿಯೂ ಆಗಿತ್ತು.

"ಕರಡಿ ಸೋಮಪ್ಪ ಕಟ್ಕೊಳ್ಳಲಿ," ಅಪ್ಪ ಅಂದ. "ನೀ ತಾಳಾ ಹಿಡಿ."

"ಯಪ್ಪಾ, ಊರಿಗೆ ಊರ ನಗತೈತಿ! ಇಂವಾ ಹೆಣದ ಮುಂದ ಏನ ಬಾರಿಸ್ಯಾನು?"

"ಹಿರೇ ಮಗ ಅದಾನ. ಒಮ್ಮಿ ಅವನ ಕೈ ನೋಡೂಣು."

"ಹನ್ನೊಂದ ವರ್ಷ ನನ್ನ ಕೈ ನೋಡಲಿಲ್ಲೇನ ನೀ?"

ಅಪ್ಪ ಎಡಗೈಯಿಂದ ಸೋಮಪ್ಪನಿಗೆ ಗೂಟ ತೋರಿಸಿದ. ಸೋಮಪ್ಪ ನನ್ನ ಹೆಗಲ ಮೇಲೆ ಕೈ ಹಾಕಿದ. "ಉಳವಾ, ಚಿಂತಿ ಮಾಡಬ್ಯಾಡ. ಸೀದಾ ನಡಿಗಿ ಪೆಟ್ಟ ಬಾರಸ್ತೇನಿ. ಕುಣಿಗೆ ಮುಟ್ಟಿಸಿ ಕರಡಿ ನಿನ್ನ ಕೈಯಾಗ ಕೊಡತೇನಿ. ನನಗದು ಬ್ಯಾಡ."

ಕೈ ಕೊಡವಿದೆ. ಅವನು ಬೇಡವೆಂದು ಬಿಟ್ಟದ್ದನ್ನು ನಾನು ಭಿಕ್ಷೆಯಂತೆ ಇಸಿದುಕೊಳ್ಳಬೇಕೇ? ಆದರೂ ಒಳಗೊಳಗೆ, ತಪ್ಪಲಿ, ಇವತ್ತೇ ತಪ್ಪಲಿ, ತಾಳದಿಂದ ನಾನೇ ನಡೆಸಿ ಕುಣಿ ಮುಟ್ಟಿಸುತ್ತೇನೆ, ಆಗ ಕರಡಿ ಯಾರದು ಎಂದು ಊರೇ ಹೇಳಲಿ ಎಂದುಕೊಂಡೆ. ಇದರಲ್ಲಿ ಮುಚ್ಚಿಡುವುದೇನೂ ಇಲ್ಲ.

ವಿಮಾನ ಎದ್ದಿತು. ಮುಂದಿನ ಎಡಗಡೆ ಮಹಾಂತಪ್ಪ, ನಮ್ಮೂರಿನ ಹೆಣಗಳಿಗೆಲ್ಲ ಹೆಗಲು ಕೊಟ್ಟ ಮುದುಕ. ಅಪ್ಪನನ್ನು ಹಿಂದೆ ಚಕ್ಕಡಿಯಲ್ಲಿ ಕೂಡಿಸಿದ್ದರು. ಸೋಮಪ್ಪ ಮೊದಲ ಪೆಟ್ಟು ಹಾಕಿದ. ಏನು ಹೇಳಲಿ, ಅಪ್ಪನದೇ ಕೈ. ಅದೇ ಭಾರ, ಅದೇ ಗುಟುರು. ಹೆಂಗಸರ ಅಳು ಕೂಡ ಒಂದು ಹದಕ್ಕೆ ಬಂತು. ಗೌಡರ ಓಣಿ ದಾಟುವವರೆಗೆ, ಕಾಶೆವ್ವ ಹೂವಿನ ನಡುವೆ ತಲೆ ಅಲ್ಲಾಡದೆ ಕೂತಿದ್ದಳು. ಮುಕ್ತಾಯ ಬಿತ್ತು, ಹೆಗಲು ಬದಲಾಯಿತು, ಮತ್ತೆ ನಡೆದೆವು. ಇವನು ಮುಟ್ಟಿಸಿಯೇ ಬಿಡುತ್ತಾನೆ.

ಕೆರೆಯ ಏರಿ ಹತ್ತಿದೆವು. ಅಲ್ಲಿ ದಾರಿ ಸಣ್ಣದು, ಒಂದು ಕಡೆ ನೀರು, ಒಂದು ಕಡೆ ಗದ್ದೆಗೆ ಇಳಿಜಾರು. ಗಾಳಿ ಬೀಸುತ್ತಿತ್ತು. ಸೋಮಪ್ಪನ ಕಡೆ ನೋಡಿದೆ. ಅವನು ಕಣ್ಣು ಮುಚ್ಚಿದ್ದ.

ಮೊದಲು ಒಂದು ಪೆಟ್ಟು ತಡವಾಯಿತು. ಕೂದಲಿನಷ್ಟು. ಮುಂದಿನದು ಬೇಗ ಬಂತು. ಆಮೇಲೆ ಕೈ ಒಂದು ಕಡೆ, ಕೋಲು ಒಂದು ಕಡೆ ಹೊರಟವು. ನಡುವೆ ಮೂರು ಪೆಟ್ಟು ಒತ್ತಿ ಬಿದ್ದವು. ಮುಕ್ತಾಯ ಎಂದು ತಿಳಿದು ಮುಂದಿನ ಇಬ್ಬರು ನಿಂತರು. ಹಿಂದಿನವರಿಗೆ ಅದು ಮುಕ್ತಾಯ ಅನಿಸಲಿಲ್ಲ, ಅವರು ನಡೆದರು. ವಿಮಾನ ಮುಂದಕ್ಕೆ ಬಾಗಿತು. ಕಾಶೆವ್ವ, ಬದುಕಿದ್ದಾಗ ಉಣ್ಣಲು ಬಂದವರ ಗಂಗಾಳದಲ್ಲಿ ಏನಿದೆ ಎಂದು ಬಗ್ಗಿ ನೋಡುತ್ತಿದ್ದಳಲ್ಲ, ಹಾಗೆಯೇ ಮಹಾಂತಪ್ಪನ ರುಮಾಲಿನ ಮೇಲೆ ಬಗ್ಗಿ ನೋಡಿದಳು. ಹೆಂಗಸರು ಅಳುವುದನ್ನು ಬಿಟ್ಟು ಚೀರಿದರು.

ಇದೇ ನನ್ನ ಹೊತ್ತು. ತಾಳ ಎತ್ತಿದೆ. ನಡಿಗೆಯ ಮೊದಲ ಪೆಟ್ಟನ್ನು ಕಂಚಿನಿಂದ ಹೊಡೆದೆ. ಎರಡನೆಯದನ್ನು ಹೊಡೆದೆ. ನನ್ನ ಪೆಟ್ಟಿಗೆ ಅವರ ಕಾಲು ಎದ್ದಿತು. ಮೂರನೆಯದಕ್ಕೆ ಕೈ ಬೀಸಿದೆ, ಅಷ್ಟರಲ್ಲಿ ಅವನ ಕೋಲು ನನ್ನ ಪೆಟ್ಟು ಬೀಳಬೇಕಾದ ಜಾಗಕ್ಕಿಂತ ಒಂದಿಷ್ಟು ಮುಂದೆ ಬಿತ್ತು, ಮತ್ತು ಅದೇ ಸರಿ ಅನಿಸಿತು. ನನ್ನದೇ ತಪ್ಪು ಅನಿಸಿತು. ನಾಲ್ಕನೆಯದು ಎಲ್ಲಿ? ಹುಡುಕಿದೆ. ಆಣೆ ಮಾಡಿ ಹೇಳುತ್ತೇನೆ, ಹುಡುಕಿದೆ. ನಿದ್ದೆಗಣ್ಣಲ್ಲೂ ಹಿಡಿಯುವ ಪೆಟ್ಟು ಅದು. ಸಿಗಲಿಲ್ಲ. ತಾಳ ಎರಡೂ ಕೈಯಲ್ಲಿ, ಬಾಯಿ ತೆರೆದುಕೊಂಡು ನಾನು ನಿಂತೆ. ಅವನ ಪೆಟ್ಟುಗಳು ಕೆರೆಯ ಮೇಲೆ ಹಕ್ಕಿಗಳ ಹಾಗೆ ಏಳುತ್ತಿದ್ದವು. ಚಂದ ಇತ್ತೇ? ಗೊತ್ತಿಲ್ಲ. ಹೆಣದ ಮುಂದೆ ಹಾಗೆ ಕೇಳುವುದೇ ತಪ್ಪು.

"ಏ, ನಿಮ್ಮ ಬಾಜಾಕ್ಕ ಬೆಂಕಿ ಬೀಳಲಿ!"

ಮಹಾಂತಪ್ಪ. ಹೆಣ ಹೊತ್ತು ಬಾಯಿ ಬಿಟ್ಟಿದ್ದ.

"ಯಾರೂ ಬಾಜಾ ಕೇಳಬ್ಯಾಡ್ರಿ! ನನ್ನ ಬೆನ್ನ ನೋಡ್ರಿ, ನನ್ನ ಹಿಂದ ಬರ್ರಿ! ಎಲೇ ಹಿಂದಿನಾವಾ, ಕಾಲ ಎತ್ತಲೇ! ಹಾಂ. ಬಾ. ಹಾಂ. ಮುದುಕೀನ ಕೆರ್ಯಾಗ ಕೆಡವಿದರ ಗೌಡ್ರು ನಮ್ಮನ್ನೂ ಅಲ್ಲೇ ಕೆಡವತಾರ, ಬಾ!"

ಬಂದರು. ಒಬ್ಬರ ಬೆನ್ನು ಒಬ್ಬರು ನೋಡುತ್ತ, ಕಾಲಿಗೆ ಕಾಲು ಕೂಡದಿದ್ದರೂ, ಬಂದರು. ವಿಮಾನ ನೆಟ್ಟಗಾಯಿತು. ಕರಡಿ ತನ್ನ ಪಾಡಿಗೆ ತಾನು ಗುಟುರು ಹಾಕುತ್ತಿತ್ತು, ಅವರು ತಮ್ಮ ಪಾಡಿಗೆ ತಾವು ನಡೆಯುತ್ತಿದ್ದರು, ನಡುವೆ ನಾನೊಬ್ಬ ಯಾವ ಕಡೆಗೂ ಸೇರದೆ ಎಡವುತ್ತಿದ್ದೆ. ಏರಿ ಇಳಿಯುವ ಹೊತ್ತಿಗೆ ಸೋಮಪ್ಪ ಕಣ್ಣು ತೆರೆದು, ಏನೂ ಆಗಿಲ್ಲವೆಂಬಂತೆ ನಡಿಗೆ ಪೆಟ್ಟಿಗೆ ಬಂದ. ಕುಣಿ ಮುಟ್ಟಿತು. ಮಣ್ಣು ಆಯಿತು.

ಗೌಡರು ಕೈ ತೊಳೆದುಕೊಂಡು ನೇರ ಚಕ್ಕಡಿಯ ಹತ್ತಿರ ಬಂದರು. "ಮುದಕಪ್ಪಾ, ನಮ್ಮವ್ವನ ಮರ್ಯಾದಿ ಉಳಿಸಿದಾಂವ ಮಹಾಂತ, ನಿನ್ನ ಮಕ್ಕಳಲ್ಲ. ಒಬ್ಬಾಂವ ಹುಚ್ಚ, ಇನ್ನೊಬ್ಬಾಂವ ಕಂಬ. ಕರಡಿ ಯಾರ ಕೈಯಾಗ ಕೊಡತಿಯೋ ವಿಚಾರ ಮಾಡಿ ಕೊಡು. ಇಲ್ಲಂದರ ಮುಂದ ನಾವು ಮುಂಡಗೋಡದ ಮಂದೀನ ಕರಸ್ತೇವಿ."

"ಆತ್ರಿ ಗೌಡ್ರ," ಅಪ್ಪ ಅಂದ.

ಮನೆಗೆ ಬಂದಮೇಲೆ ನಾನು ತಾಳವನ್ನು ಮೂಲೆಗೆ ಎಸೆದೆ. ಅಣ್ಣನ ಅಂಗಿ ಹಿಡಿದೆ. "ಸೀದಾ ಬಾರಸ್ತೇನಿ ಅಂದಿದ್ದಿಲ್ಲೋ ನೀ?"

"ಬಾರಿಸಾಕತ್ತಿದ್ದೆ ಉಳವಾ. ಏರಿ ಮ್ಯಾಲ ಬಂದ ಕೂಡಲೆ, ಇವರು ಹೋಗಬೇಕಾದಲ್ಲಿಗೆ ಹೆಂಗೂ ಹೊಂಟಾರ, ನನ್ನ ಪೆಟ್ಟ ಯಾಕ ಅನಿಸ್ತು. ಕೈ ತಾನ ಹೋತು."

"ಮುದುಕಿ ಬಿದ್ದಿದ್ದರ?"

"ಬೀಳಲಿಲ್ಲಲ್ಲ."

ಹೊಡೆದೇ ಬಿಡುತ್ತಿದ್ದೆ. ಅಪ್ಪ ಎಡಗೈ ಅಡ್ಡ ಹಾಕಿದ. ಇಬ್ಬರನ್ನೂ ಹಿತ್ತಲಿಗೆ ಕರೆದುಕೊಂಡು ಹೋಗಿ ಕೂಡಿಸಿದ. ಕರಡಿಯನ್ನು ತನ್ನ ಮುಂದೆ ಇಟ್ಟುಕೊಂಡ.

"ತಪ್ಪಿದ್ದ ಎಲ್ಲಿ?" ಎಂದು ಸೋಮಪ್ಪನನ್ನು ಕೇಳಿದ.

"ತಪ್ಪೇನ ಆಗಿಲ್ಲ ಅನಸ್ತೈತಪ್ಪಾ."

"ನಿಂದು?" ನನ್ನ ಕಡೆ ತಿರುಗಿದ.

ಹೇಳಲು ನಾಚಿಕೆಯಾಯಿತು. "ಮೂರನೇ ಪೆಟ್ಟಿಗೆ. ಅವನ ಪೆಟ್ಟ ಸರಿ ಅನಿಸಿ ನಂದು ಬಿಟ್ಟೆ. ಆಮ್ಯಾಲ ಸಿಗಲೇ ಇಲ್ಲ."

ಅಪ್ಪ ಕರಡಿಯ ಹುರಿಯನ್ನು ಎಡಗೈಯಿಂದ ಎತ್ತಿ ನನ್ನ ಮಡಿಲಿಗೆ ಹಾಕಿದ. "ತುಗೋ. ನಿನಗ ತಪ್ಪಿದ್ದ ಗೊತ್ತಾತು. ಊರ ಮುಂದ ನಡ್ಯಾವಂಗ ಅದು ಗೊತ್ತಾಗಬೇಕು."

"ಆದರ ನಾ ಕುಣಿಗೆ ಮುಟ್ಟಿಸಲಿಲ್ಲಲ್ಲ? ಮಹಾಂತಪ್ಪ ಮುಟ್ಟಿಸಿದ."

"ಮಹಾಂತಗ ಕರಡಿ ಕೊಡಲೇನ?"

ಸೋಮಪ್ಪ ನಕ್ಕ. ನನಗೆ ನಗು ಬರಲಿಲ್ಲ. ಇಷ್ಟು ವರ್ಷ ಬೇಕು ಬೇಕೆಂದದ್ದು ತೊಡೆಯ ಮೇಲಿತ್ತು. ಇಷ್ಟು ಹಗುರವೇ ಅನಿಸಿತು. ಎದ್ದು ಹುರಿ ಸೊಂಟಕ್ಕೆ ಬಿಗಿದುಕೊಂಡೆ. ಅಪ್ಪ ನೋಡಲಿ, ಹೊಟ್ಟೆ ತುಂಬ ನೋಡಲಿ ಎಂದು. ಅಪ್ಪ ನನ್ನನ್ನು ನೋಡುತ್ತಿರಲಿಲ್ಲ.

"ಸೋಮಾ," ಅಂದ, "ಏರಿ ಮ್ಯಾಲೆ ಬಾರಿಸಿದಿಯಲ್ಲ, ಅದನ್ನ ಇನ್ನೊಮ್ಮಿ ಬಾರ್ಸು."

"ಅದ ಮತ್ತ ಬರೂದಿಲ್ಲಪ್ಪಾ. ಬ್ಯಾರೇದ ಬರತೈತಿ."

"ಬ್ಯಾರೇದ ಬಾರ್ಸು. ನಲವತ್ತ ವರ್ಷ ಮಂದಿ ಕಾಲ ನೋಡಕೋತ ಬಾರಿಸೇನಿ ನಾ. ತಲಿ ಎತ್ತಿ ಕೆರಿ ನೋಡಿದ್ದ ಇವತ್ತ."

"ಯಪ್ಪಾ, ಅದು ಛಲೋದೋ ಕೆಟ್ಟದ್ದೋ? ಅದನ್ನರ ಹೇಳು!" ನಾನು ಕೂಗಿದೆ.

"ನನಗೂ ತಿಳೀವಲ್ದು ತಮ್ಮಾ," ಅಪ್ಪ ಅಂದ. "ಅದಕ್ಕ ಕೇಳಾಕತ್ತೇನಿ."

ಸೋಮಪ್ಪ ಸ್ಟೂಲಿನ ಮೇಲೆ ಕೂತು ಸುರು ಮಾಡಿದ. ಕಾಲು ದಮ್ ಅಂದಿತು, ಕಡ್ಡಿಗಳು ಎಲ್ಲೆಲ್ಲೋ ಹೋದವು. ಎಣಿಸಲು ಹೋದೆ, ಬಿಟ್ಟೆ. ಮತ್ತೆ ಎಣಿಸಿದೆ. ನನ್ನ ಸೊಂಟದಲ್ಲಿ ಕರಡಿ ಇತ್ತು, ಈಗ ಅದು ನನ್ನದು, ಬಾರಿಸಬೇಡ ಎನ್ನುವವರು ಯಾರೂ ಇರಲಿಲ್ಲ. ಕೋಲು ಎತ್ತಿದೆ. ಎಲ್ಲಿ ಹಾಕಲಿ? ಇಲ್ಲಿಯೇ? ಅಷ್ಟರಲ್ಲಿ ಅದು ದಾಟಿತ್ತು. ಇಲ್ಲಿ? ಕೈ ನೋಯತೊಡಗಿತು. ಸಿಟ್ಟು ನೆತ್ತಿಗೇರಿತು. ಎಲ್ಲಾದರೂ ಬೀಳಲಿ, ಹಾಳಾಗಲಿ ಎಂದು ಕಣ್ಣು ಮುಚ್ಚಿ ಹೊಡೆದೆ.

ಕರಡಿ ಗುಟುರು ಹಾಕಿತು. ಸೋಮಪ್ಪ ಬಾರಿಸುತ್ತಲೇ ತಲೆ ಎತ್ತಿ ನನ್ನನ್ನು ನೋಡಿದ. ಅಪ್ಪನೂ ನೋಡಿದ. ಸರಿಯಾಯಿತೋ, ತಪ್ಪಾಯಿತೋ, ಇಬ್ಬರ ಮುಖದಲ್ಲೂ ಏನೂ ಕಾಣಲಿಲ್ಲ. ನಾನು ಮತ್ತೆ ಕೋಲು ಎತ್ತಿದೆ.